ರೇಣುಕಾಳ ನೌಕರಿಗೆ ಹಂಚಿದ ಸಕ್ಕರೆ

ಆ ಸಕ್ಕರೆ ಹಂಚಿದಾಗ ನನಗೆ ಎಪ್ಪತ್ತೊಂದು ವಯಸ್ಸು. ಈಗ್ಗೆ ಎರಡು ವರ್ಷದ ಮಾತು. ಎಪ್ಪತ್ತೊಂದು ಎಂದು ಹೇಳುವುದು ಆಧಾರ್ ಕಾರ್ಡು. ನನ್ನ ಅವ್ವನ ಲೆಕ್ಕದಲ್ಲಿ ನಾನು ಕಾಲುವೆ ಅಗೆಯುವಾಗ ಹುಟ್ಟಿದವಳು, ಅಷ್ಟೇ. ಕಾಲುವೆಯೇನು ಒಂದೇ ವರ್ಷದಲ್ಲಿ ಅಗೆದು ಮುಗಿಸುವಂಥದ್ದಲ್ಲ, ಹಾಗಾಗಿ ನನ್ನ ವಯಸ್ಸಿಗೆ ಹಿಂದೆಮುಂದೆ ಸರಿಯಲು ಜಾಗವಿದೆ. ಮಂದಿ ಮುದುಕಿ ಎಂದಾಗ ಹಿಂದೆ ಸರಿಯುತ್ತೇನೆ, ಬಸ್ಸಿನಲ್ಲಿ ಸೀಟು ಬೇಕಾದಾಗ ಮುಂದೆ.

ಅಕ್ಷರದ ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ. ನಾನು ಶಾಲೆಗೆ ಹೋದದ್ದು ಎರಡನೇ ಇಯತ್ತೆಯ ಅರ್ಧದವರೆಗೆ. ಆಮೇಲೆ ತಮ್ಮ ಹುಟ್ಟಿದ, ಅವನನ್ನು ಎತ್ತಿಕೊಳ್ಳಲು ಮನೆಯಲ್ಲಿ ಕೈ ಬೇಕಾಯಿತು, ಸ್ಲೇಟು ಕೆಳಗಿಟ್ಟೆ. ಉಳಿದ ಅಕ್ಷರ ಮುದುಕಿಯಾದ ಮೇಲೆ ಮೊಮ್ಮಗಳು ರೇಣುಕಾ ಕಲಿಸಿದ್ದು. ಎಲ್ಲಾದರೂ ಒತ್ತು ತಪ್ಪಿದ್ದರೆ ಅವಳನ್ನು ಕೇಳಿ, ನನ್ನನ್ನಲ್ಲ.

ಇವತ್ತು ಮುಂಜಾನೆ ಚಹಾದ ಹೊತ್ತಿಗೆ ಅವಳ ಫೋನು ಟಿಣ್ ಟಿಣ್ ಎನ್ನಲು ಶುರು ಮಾಡಿತು. ವಿಶ್ವವಿದ್ಯಾಲಯದಲ್ಲಿ ಅವಳ ಜೊತೆ ಗಿಡಮರದ ಶಾಸ್ತ್ರ ಓದಿದವರೆಲ್ಲ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದಾರೆ. ಪಾಸಾದ ತಿಂಗಳು ಬಂತೆಂದರೆ ಒಬ್ಬೊಬ್ಬರೂ ಈಗ ಎಲ್ಲಿದ್ದೇನೆ, ಏನು ಮಾಡುತ್ತಿದ್ದೇನೆ ಎಂದು ಗುಂಪಿಗೆ ಹೇಳಬೇಕು. ಅಷ್ಟು ಓದಿದರೂ ಬರೆಯಲು ಸೋಮಾರಿಗಳು, ಮಾತಾಡಿ ಕಳಿಸುತ್ತಾರೆ. ನನಗೆ ಅದೇ ಅನುಕೂಲ. ಅಕ್ಷರ ಕಡಿಮೆಯಿದ್ದವಳಿಗೂ ಕಿವಿ ಎರಡಿರುತ್ತವೆ.

ರೇಣುಕಾ ಈಗ ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅತಿಥಿ ಉಪನ್ಯಾಸಕಿ ಎನ್ನುತ್ತಾರೆ. ನಮ್ಮಲ್ಲಿ ಅತಿಥಿ ಬಂದರೆ ಕಾಲಿಗೆ ನೀರು ಕೊಟ್ಟು ಕೂರಿಸಿ ಉಣ್ಣಿಸುತ್ತೇವೆ. ಅಲ್ಲಿ ಅತಿಥಿಯೇ ಡಬ್ಬಿ ಕಟ್ಟಿಕೊಂಡು ಹೋಗಬೇಕು, ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಬಾಗಿಲು ನೋಡುತ್ತಿರಬೇಕು. ಇರಲಿ. ಅವಳು ನಾಲ್ಕು ಮಾತು ನನಗೂ ಕೇಳಿಸಿ, ನಕ್ಕು, ಲಿಂಗಸುಗೂರು ಬಸ್ಸಿಗೆ ಓಡಿದಳು. ನಾನು ಚಹಾದ ಪಾತ್ರೆ ತೊಳೆಯುವಾಗ ಸ್ಟೀಲಿನ ವಾಟಗ ಕೈಗೆ ಬಂತು. ಅಂಗೈಯಷ್ಟು ಅಗಲದ ಬಟ್ಟಲು, ಒಂದು ಕಡೆ ಪೆಟ್ಟು ತಿಂದು ತಗ್ಗು ಬಿದ್ದಿದೆ. ಆ ವಾಟಗ ಕಂಡರೆ ನನಗೆ ಆ ಗುಂಪಿನ ಮೊದಲ ವರ್ಷ ನೆನಪಾಗುತ್ತದೆ.

ಆ ವರ್ಷ ಎಲ್ಲರೂ ಹೊಸದಾಗಿ ಪಾಸಾಗಿ ಮನೆ ಸೇರಿದ್ದರು. ಸಿಂಧನೂರಿನಲ್ಲಿ ಅಕ್ಕಿ ಮಿಲ್ಲುಗಳ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮಗ ಈರಣ್ಣ, ರೇಣುಕಾಳ ಅಪ್ಪ, ಮಿಲ್ಲಿನಲ್ಲಿ ತೂಕದ ಕೆಲಸ ಮಾಡುತ್ತಾನೆ. ರೇಣುಕಾ ಕಟ್ಟೆಯ ಮೇಲೆ ಕೂತು ಫೋನು ಹಿಡಿದಿದ್ದಳು, ನಾನು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದೆ. ಮೊದಲು ಮಸ್ಕಿಯ ನಸೀಮಾ ಮಾತಾಡಿದಳು. ಖಾಸಗಿ ಶಾಲೆಯಲ್ಲಿ ಟೀಚರಂತೆ. ವಿಜ್ಞಾನ ಹೇಳಿಕೊಡಲು ಕರೆದು, ಆಮೇಲೆ ಇಂಗ್ಲಿಷು, ಚಿತ್ರಕಲೆ, ಮಕ್ಕಳನ್ನು ವ್ಯಾನು ಹತ್ತಿಸುವುದು ಎಲ್ಲವನ್ನೂ ಅವಳ ತಲೆಗೇ ಕಟ್ಟಿದ್ದಾರಂತೆ. ಇನ್ನೊಬ್ಬ ಧಾರವಾಡದಲ್ಲಿ ಕೋಣೆ ಹಿಡಿದು ಪೊಲೀಸ್ ಪರೀಕ್ಷೆಗೆ ಓದುತ್ತಿದ್ದ. ಅವನ ದನಿ ಈಗಲೇ ಠಾಣೆಯಿಂದ ಬಂದಂತೆ ಇತ್ತು.

ಆಮೇಲೆ ಗುರುಗುಂಟಾದ ಬಸವರಾಜ. ಅವನಿಗಿಂತ ಮೊದಲು ಕುರಿಗಳೇ ಮಾತಾಡಿದವು.

“ಎಲ್ಲಾರಿಗೂ ನಮಸ್ಕಾರ್ರೀ. ನಾ ಎಂ.ಎಸ್ಸಿ. ಮುಗಿಸಿ ಕುರಿ ಕಾಯಾಕತ್ತೀನಿ. ಕುರಿ ಯಾವ ಗಿಡಕ್ಕ ಬಾಯಿ ಹಾಕ್ತಾವೋ ಅದರ ಲ್ಯಾಟಿನ್ ಹೆಸರು ನಾ ಹೇಳ್ತೀನಿ. ಹೆಸರು ಕೇಳಿ ಒಂದ್ ಕುರೀನೂ ಗಿಡ ಬಿಟ್ಟಿಲ್ಲ.”

ನಾನು ಬೇಳೆ ಚೆಲ್ಲಿ ನಕ್ಕೆ. ರೇಣುಕಾ ನಗಲಿಲ್ಲ. ಅವಳ ಸರದಿ ಬಂದಿತ್ತು. ಫೋನನ್ನು ಬಾಯಿಗೆ ಹಿಡಿಯುವಳು, “ನಾನು ಸದ್ಯಕ್ಕ…” ಎನ್ನುವಳು, ಅಳಿಸುವಳು. ಮತ್ತೆ ಹಿಡಿಯುವಳು, ಮತ್ತೆ ಅಳಿಸುವಳು.

“ಅಜ್ಜಿ ಜೋಡಿ ಬ್ಯಾಳಿ ಹಸನ ಮಾಡಾಕತ್ತೀನಿ ಅನ್ನು” ಎಂದೆ.

“ನೀ ಎಲ್ಲಿ ಮಾಡಾಕ ಬಿಟ್ಟೀದಿ? ಅದೂ ಸುಳ್ಳಾಗ್ತೈತಿ” ಎಂದು ಎದ್ದು ಒಳಗೆ ಹೋದಳು.

ಅದೇ ವಾರ ಊರ ಹೊರಗಿನ ಒಂದು ಬೀಜದ ಕಂಪನಿಯಿಂದ ಅವಳಿಗೆ ಫೋನು ಬಂತು. ಲ್ಯಾಬಿನಲ್ಲಿ ಒಂದು ನೌಕರಿ ಇದೆ, ನಾಳೆ ಬನ್ನಿ ಎಂದು. ಇಲ್ಲಿಂದ ಮುಂದಿನದು ತಿಳಿಯಬೇಕೆಂದರೆ ನಾನು ಮಾಡಿದ ಕೆಲಸ ಎಂಥದ್ದು ಎಂದು ಸ್ವಲ್ಪ ಹೇಳಬೇಕು.

ಸಿಂಧನೂರಿಗೆ ಬರುವ ಮುಂಚೆ ನಾವು ವಳಕಮದಿನ್ನಿಯಲ್ಲಿದ್ದೆವು. ಅಲ್ಲಿ ನಾನು ಹೆಣ್ಣಾಳುಗಳ ಗುಂಪು ಕಟ್ಟಿಕೊಂಡು ಭತ್ತದ ನಾಟಿಗೆ ಹೋಗುತ್ತಿದ್ದೆ. ಗುಂಪಿನ ಯಜಮಾನಿ ನಾನೇ. ಕಾಲುವೆಗೆ ನೀರು ಬಿಟ್ಟರೆಂದರೆ ಗದ್ದೆಯವರಿಂದ ಕರೆ ಬರುತ್ತಿತ್ತು. ನಾಟಿಯಲ್ಲಿ ಕರೆ ಬಂತೆಂದರೆ ಕೆಲಸ ಬಂತು. ಕರೆಸಿ, ನಿಲ್ಲಿಸಿ, ಮುಖ ನೋಡಿ, ನಿಮ್ಮಪ್ಪನ ಹೆಸರೇನು ಎಂದು ಕೇಳಿ ವಾಪಸ್ ಕಳಿಸುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಒಂದೇ ಒಂದು ಸಲ ಆಂಧ್ರದ ಕಡೆಯಿಂದ ಬಂದು ನೆಲೆಸಿದ ರೈತರ ಕ್ಯಾಂಪಿನಲ್ಲಿ ಹಾಗಾಯಿತು. ಕರೆಸಿದ ಸಾಹುಕಾರ, ನಾವು ಹೋಗುವಷ್ಟರಲ್ಲಿ ಬೇರೆ ಗುಂಪನ್ನು ಗದ್ದೆಗೆ ಇಳಿಸಿದ್ದ. ನಾವು ಜಗಳ ಮಾಡಲಿಲ್ಲ. ಬದುವಿನ ಮೇಲೆ ಸಾಲಾಗಿ ಕೂತು ಬುತ್ತಿ ಬಿಚ್ಚಿ ಉಂಡೆವು. ಉಂಡು ಎಲೆಅಡಿಕೆ ಹಾಕಿಕೊಂಡೆವು. ಒಬ್ಬಳು ಅಲ್ಲೇ ಅಡ್ಡಾಗಿ ಗೊರಕೆಯನ್ನೂ ಹೊಡೆದಳು. ಮನೆಯೊಳಗಿಂದ ಸಾಹುಕಾರನ ತಾಯಿ ಬಂದು ನೋಡಿದವಳೇ, “ಪಿಲಿಚಿ ವೆನಕ್ಕಿ ಪಂಪಿಸ್ತಾವಾ?” ಎಂದು ಮಗನ ಮೇಲೆ ಹರಿಹಾಯ್ದಳು. ಕರೆದು ವಾಪಸ್ ಕಳಿಸ್ತೀಯಾ ಎಂದು. ಮಧ್ಯಾಹ್ನಕ್ಕೆ ಆಚೆ ಗದ್ದೆಯ ನಾಟಿ ನಮಗೆ ಸಿಕ್ಕಿತು.

ನನ್ನ ತಲೆಯಲ್ಲಿದ್ದ ಕಾನೂನು ಅದು. ಬೀಜದ ಕಂಪನಿ ಕರೆದಿದೆ, ಅಂದಮೇಲೆ ನೌಕರಿ ಬಂದಿದೆ. ರೇಣುಕಾ ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು ಆಟೋ ಹತ್ತಿದಳು. ಆಟೋ ಓಣಿ ದಾಟುವ ಮುಂಚೆ ನಾನು ವಾಟಗದ ತುಂಬ ಸಕ್ಕರೆ ಹಾಕಿಕೊಂಡು ಹೊರಟೆ. ನಮ್ಮ ಓಣಿಯಲ್ಲಿ ಗಂಡು ಹುಟ್ಟಿದರೂ ಸಕ್ಕರೆ, ಹೆಣ್ಣು ಹುಟ್ಟಿದರೂ ಸಕ್ಕರೆ, ಸಂಬಂಧ ಕುದುರಿದರೂ ಸಕ್ಕರೆ. ಮನೆಮನೆಗೆ ಹೋಗಿ ಅಂಗೈಗೆ ಒಂದೊಂದು ಚಿಟಿಕೆ ಹಾಕಿ ಸುದ್ದಿ ಹೇಳಬೇಕು. ಸಕ್ಕರೆ ಬಾಯಿಗೆ ಬಿದ್ದ ಸುದ್ದಿ ಖಾತ್ರಿ ಸುದ್ದಿ.

ಪಕ್ಕದ ಮನೆ ರಾಜಾಬಿಯದು. ನನ್ನ ಓರಗೆಯವಳು, ಬಟ್ಟೆ ಹೊಲಿಯುತ್ತಾಳೆ. ಮನೆಯವರ ಜೊತೆ ಅವಳ ಮಾತು ಉರ್ದುವಿನಲ್ಲಿ, ನನ್ನನ್ನು ಬೈಯುವುದು ಮಾತ್ರ ಕನ್ನಡದಲ್ಲಿ.

“ಏನ್ ನೌಕರಿಬೇ ಅಂಬಮ್ಮ?”

“ಲ್ಯಾಬಿನಾಗ. ಬೀಜ ಮೊಳಕಿ ಒಡಿತಾವೋ ಇಲ್ಲೋ ಅಂತ ನೋಡೋದು.”

“ಅರೇ, ಅದಕ್ಕ ಇಷ್ಟು ಓದಬೇಕಾ? ಮಣ್ಣಾಗ ಹಾಕಿದ್ರ ನಾಕ್ ದಿನಕ್ಕ ತಾನಾ ಗೊತ್ತಾಗ್ತೈತಿ.”

“ನಿನಗ ಗೊತ್ತಾದ್ರ ಪಗಾರ ಕೊಡಂಗಿಲ್ಲ, ಆಕಿಗೆ ಗೊತ್ತಾದ್ರ ಕೊಡ್ತಾರ. ಕೈ ಹಿಡಿ.”

“ನನಗ ಶುಗರ್ ಐತಲ್ಲ… ಇರಲಿ, ಹಾಕು. ಹುಡುಗಿ ಸುದ್ದಿ, ಬ್ಯಾಡ ಅನಬಾರದು. ತಿನ್ನಂಗಿಲ್ಲ, ಇಟ್ಕೋತೀನಿ” ಎಂದು ಪೇಪರಿನ ತುಂಡಿನಲ್ಲಿ ಕಟ್ಟಿಕೊಂಡಳು.

ಓಣಿಯ ಕೊನೆಯ ಮನೆ ಗಂಗಮ್ಮನದು. ಅವಳಿಗೆ ಸಂಬಂಧ ಕೂಡಿಸುವ ಚಟ. ಅವಳಿಗೆ ಮಾತ್ರ ಚಿಟಿಕೆ ಸಾಲದೆ, ವಾಟಗದ ತಳದಲ್ಲಿ ಉಳಿದದ್ದನ್ನೆಲ್ಲ ಕೆರೆದು ಬಾಯಿಗೆ ಹಾಕಿಕೊಂಡಳು.

ಸಂಜೆ ರೇಣುಕಾ ಬಂದಳು. ಒಂದು ನೌಕರಿಗೆ ಹಜಾರದ ತುಂಬ ಮಂದಿ ಬಂದಿದ್ದರಂತೆ. ಒಳಗೆ ಕರೆದು ಅಪ್ಪ ಏನು ಮಾಡುತ್ತಾರೆ, ಯಾರ ಗುರುತಿದೆ ಎಂದು ಕೇಳಿ, ನಾವೇ ಫೋನು ಮಾಡುತ್ತೇವೆ ಎಂದರಂತೆ. ಇದನ್ನು ಅವಳು ನಮಗೆ ಹೇಳುವ ಮೊದಲೇ ಓಣಿ ಅವಳಿಗೆ ತನ್ನ ಸುದ್ದಿ ಹೇಳಿತ್ತು. ಒಂದೊಂದು ಬಾಗಿಲಿನಿಂದಲೂ ಒಂದೊಂದು ಮಾತು: ಚಲೋ ಆತವ್ವ, ನಮ್ಮ ಹುಡುಗನಿಗೂ ಒಂದು ನೋಡು, ಮೊದಲ ಪಗಾರದಾಗ ಏನ್ ಕೊಡಸ್ತಿ?

“ಅಜ್ಜಿ, ಏನ್ ಮಾಡೀದಿ?” ಎಂದಳು.

“ಸಕ್ಕರಿ ಹಂಚೀನಿ.”

“ನೌಕರಿ ಇನ್ನೂ ಸಿಕ್ಕಿಲ್ಲಲ್ಲ ಬೇ!”

“ಮತ್ಯಾಕ ಕರದ್ರು?”

ಅವಳು ಅಪ್ಪನ ಕಡೆ ತಿರುಗಿದಳು. ಅಷ್ಟು ಓದಿದವಳೇ ತಿರುಗಿದಳು ಎಂದಮೇಲೆ ನನ್ನ ಪ್ರಶ್ನೆಯಲ್ಲಿ ಏನೋ ಇತ್ತು ಎಂದು ಈಗಲೂ ನನಗನಿಸುತ್ತದೆ.

ಈರಣ್ಣ ಬುದ್ಧಿವಂತಿಕೆ ಮಾಡಿದ. “ಫೋನ್ ಮಾಡ್ತೀವಿ ಅಂದಾರಲ್ಲ? ಮಾಡಿದ್ರ ಈ ಸುಳ್ಳು ನಿಜ ಆಗ್ತೈತಿ. ಅಲ್ಲೀಮಟ ಎಲ್ಲಾರೂ ಸುಮ್ನಿರ್ರಿ” ಎಂದ. ಸುಮ್ಮನಿರುವುದು ಹೇಗೆ? ಓಣಿಯ ಮಂದಿ ಮರುದಿನವೇ ರೇಣುಕಾ ಡ್ಯೂಟಿಗೆ ಹೋಗಲಿಲ್ಲವೇ ಎಂದು ಕೇಳಿದರು. ಸೊಸೆ ಅವಸರದಲ್ಲಿ ರೊಟ್ಟಿ ಪಲ್ಯ ಡಬ್ಬಿಗೆ ತುಂಬಿ ಮಗಳ ಕೈಗೆ ಕೊಟ್ಟಳು. ಅಲ್ಲಿಂದ ಶುರುವಾಯಿತು. ದಿನಾ ಬೆಳಿಗ್ಗೆ ಹುಡುಗಿ ಡಬ್ಬಿ ಹಿಡಿದು ಹೊರಡುವಳು, ಸಂಜೆ ಖಾಲಿ ಡಬ್ಬಿ ತರುವಳು. ಲೈಬ್ರರಿಗೆ ಹೋಗಿ ಪರೀಕ್ಷೆಗೆ ಓದುತ್ತೇನೆ ಎಂದಿದ್ದಳು. ಅದೂ ಒಳ್ಳೆಯದೇ ಎಂದುಕೊಂಡೆ. ಫೋನಿನ ಗುಂಪಿನವರಿಗೂ ಅಷ್ಟರಲ್ಲಿ ಲ್ಯಾಬಿನಲ್ಲಿದ್ದೇನೆ ಎಂದು ಹೇಳಿಬಿಟ್ಟಿದ್ದಳು. ಬಸವರಾಜ, “ಲ್ಯಾಬಿನ ಫೋಟೋ ಕಳಸ್ರೀ ಮ್ಯಾಡಂ, ನನ್ನ ಕುರಿಗೆ ತೋರಸ್ತೀನಿ” ಎಂದಿದ್ದನಂತೆ. ಅದಕ್ಕೆ ಇವಳು ಜವಾಬು ಕೊಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಮೊಣಕಾಲಿನ ಗುಳಿಗೆ ತರಲು ಹೋದವಳು ಬಸ್ ಸ್ಟ್ಯಾಂಡಿನೊಳಗೆ ಹಾದು ಬಂದೆ. ಮಸ್ಕಿ ಬಸ್ಸು ನಿಲ್ಲುವ ಜಾಗದಲ್ಲಿ, ಕಲ್ಲಿನ ಬೆಂಚಿನ ಮೇಲೆ, ಮಂದಿಗೆ ಬೆನ್ನು ಮಾಡಿ ಒಬ್ಬಳು ಡಬ್ಬಿ ಬಿಚ್ಚಿಕೊಂಡು ಉಣ್ಣುತ್ತಿದ್ದಳು. ಡಬ್ಬಿ ನಮ್ಮದು. ಲೈಬ್ರರಿಯಲ್ಲಿ ಡಬ್ಬಿ ಬಿಚ್ಚಲು ಬಿಡುವುದಿಲ್ಲವಂತೆ. ಬಸ್ ಸ್ಟ್ಯಾಂಡಿನಲ್ಲಾದರೆ ಎಷ್ಟು ಹೊತ್ತು ಕೂತರೂ ಯಾಕೆ ಕೂತಿದ್ದೀಯೆಂದು ಯಾರೂ ಕೇಳುವುದಿಲ್ಲ.

ನಾನು ಪಕ್ಕದಲ್ಲಿ ಕೂತೆ. “ಇಲ್ಲ್ಯಾಕ ಕುಂತೀದಿ?” ಎಂದೆ.

ಅವಳು ಬೆದರಲಿಲ್ಲ. ರೊಟ್ಟಿಯ ತುಂಡು ಮುರಿದು ನನ್ನ ಕೈಗೂ ಇಟ್ಟಳು. “ನೀ ಕೊಡಿಸಿದ ನೌಕರಿ ಚಲೋ ಐತಿ ಅಜ್ಜಿ” ಎಂದಳು. “ಮ್ಯಾಲ ಫ್ಯಾನೂ ಐತಿ.”

ಮೇಲೆ ನೋಡಿದೆ. ಫ್ಯಾನಿತ್ತು, ತಿರುಗುತ್ತಿತ್ತು. ರೊಟ್ಟಿ ತಿಂದು ಮನೆಗೆ ಬಂದೆ. ನಾನು ಅಳುವವಳಲ್ಲ. ಕೆಸರಿನಲ್ಲಿ ಬಾಗಿ ನಿಂತವರಿಗೆ ಮುಖದಲ್ಲಿ ಇಳಿದದ್ದು ಬೆವರೋ ಮತ್ತೊಂದೋ ಎಂದು ನೋಡುವ ಪುರಸೊತ್ತು ಇರುತ್ತಿರಲಿಲ್ಲ; ಆ ರೂಢಿಯೇ ಉಳಿದಿದೆ. ಆದರೆ ಆ ರೊಟ್ಟಿ ಸಂಜೆಯವರೆಗೂ ಎದೆಯಲ್ಲೇ ಕೂತಿತ್ತು.

ಅಷ್ಟರಲ್ಲಿ ಗಂಗಮ್ಮ ತಿಂದ ಸಕ್ಕರೆ ಕೆಲಸ ಶುರು ಮಾಡಿತ್ತು. ಮಸ್ಕಿಯಲ್ಲಿ ಗೊಬ್ಬರದ ಅಂಗಡಿ ಇರುವ ಮನೆತನ, ಒಬ್ಬನೇ ಹುಡುಗ. “ಹುಡುಗನ ಅವ್ವ ಒಂದ ಮಾತು ಹೇಳ್ಯಾಳ ನೋಡು” ಎಂದಳು. “ಹುಡುಗಿ ಕಪ್ಪಿದ್ರೂ ನಡಿತೈತಿ, ಕುಳ್ಳಿದ್ರೂ ನಡಿತೈತಿ, ನೌಕರಿ ಇರಬೇಕು.” ರೇಣುಕಾ ಕಪ್ಪೂ ಅಲ್ಲ, ಕುಳ್ಳೂ ಅಲ್ಲ. ಇಲ್ಲದ್ದು ಅದೊಂದೇ.

ಈರಣ್ಣ ಆಗಲೇ ನಿಜ ಹೇಳಬೇಕಿತ್ತು. ಅವನು ಹೇಳಲಿಲ್ಲ. ಕಂಪನಿಯ ಫೋನು ಇವತ್ತು ಬಂದೀತು ನಾಳೆ ಬಂದೀತು ಎಂದು ಕಾಯುತ್ತಲೇ ಮಸ್ಕಿಯವರು ಹೆಣ್ಣು ನೋಡಲು ಬಂದುಬಿಟ್ಟರು. ಮಂಡಕ್ಕಿ ನೆನೆಸಿ ಮಂಡಾಳ ಒಗ್ಗರಣೆ, ಮಿರ್ಚಿ ಮಾಡಿದೆವು. ಹುಡುಗ ಕೆಟ್ಟವನಲ್ಲ. ತಲೆ ತಗ್ಗಿಸಿ ಮಿರ್ಚಿ ತಿಂದ, ಖಾರವಾದಾಗ ತಾನೇ ಎದ್ದು ನೀರು ತೆಗೆದುಕೊಂಡ. ಅವನ ಅವ್ವ ಮಾತ್ರ ಮಿರ್ಚಿ ಮುಟ್ಟದೆ ಕೇಳುತ್ತಲೇ ಇದ್ದಳು.

“ಡ್ಯೂಟಿ ಎಷ್ಟೊತ್ತಿಗವ್ವ?”

ರೇಣುಕಾ ನೆಲ ನೋಡಿದಳು. ಈರಣ್ಣ, “ಮುಂಜಾಲೆ ಹೋದ್ರ ಸಂಜಿಗೆ ಬರ್ತಾಳ್ರೀ” ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

“ಮದುವಿ ಆದಮ್ಯಾಲ ಮಸ್ಕಿಯಿಂದ ದಿನಾ ಬಸ್ಸಿಗೆ ಹೋಗಿಬರಬಹುದು, ಬಿಡ್ರಿ. ನೌಕರಿ ಬಿಡಸೂದಿಲ್ಲ ನಾವು” ಎಂದು ಆ ಹೆಂಗಸು ದೊಡ್ಡ ಮನಸ್ಸು ಮಾಡಿದಳು. “ನಾಳೆ ಸಂಜಿಗೆ ಹಿರ್‍ಯಾರನ್ನ ಕರ್ಕೊಂಡು ಬರ್ತೀವಿ. ಸಕ್ಕರಿ ಹಂಚಿ ಮಾತು ಮುಗಿಸಿಬಿಡೋಣು.”

ಅವರು ಹೋದ ಮೇಲೆ ರೇಣುಕಾ ತಾಟು ತೊಳೆಯಲು ನನ್ನ ಜೊತೆ ಬಚ್ಚಲಲ್ಲಿ ಕೂತಳು. ನಾನು ತಿಕ್ಕುವುದು, ಅವಳು ನೀರು ಹಾಕುವುದು.

“ಹುಡುಗ ಹೆಂಗದಾನ?” ಎಂದೆ.

“ಅದಾನ.” ಒಂದು ತಾಟು ತೊಳೆದು ಗೋಡೆಗೆ ನಿಲ್ಲಿಸಿದಳು. ಇನ್ನೊಂದು ತೊಳೆದಳು. ಆಮೇಲೆ ಕೇಳಿದಳು: “ಅಜ್ಜಿ, ಮಸ್ಕಿ ಬಸ್ ಸ್ಟ್ಯಾಂಡಿನಾಗೂ ಫ್ಯಾನ್ ಐತೇನು?”

ನಾನು ಕೈಯಲ್ಲಿದ್ದ ವಾಟಗವನ್ನು ಬಚ್ಚಲಕಲ್ಲಿಗೆ ಬಡಿದೆ. ಅದರ ತಗ್ಗು ಆಗಿನದು.

ಮರುದಿನ ಮುಂಜಾನೆ, ಈರಣ್ಣ ಇನ್ನೂ ಹಲ್ಲುಜ್ಜುತ್ತಿದ್ದಾಗ, ಆ ವಾಟಗ ಹಿಡಿದು ಓಣಿಗೆ ಇಳಿದೆ. ಈ ಸಲ ಖಾಲಿ ವಾಟಗ. ಕೊಟ್ಟ ಸಕ್ಕರೆ ವಾಪಸ್ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಕರೆದು ವಾಪಸ್ ಕಳಿಸುವ ಪದ್ಧತಿಯೂ ಇರಲಿಲ್ಲ. ಅದು ಬಂದಮೇಲೆ ಇದೂ ಬರಲಿ ಎಂದುಕೊಂಡೆ.

ಮೊದಲು ರಾಜಾಬಿಯ ಬಾಗಿಲು. “ನನ್ನ ಸಕ್ಕರಿ ವಾಪಸ್ ಕೊಡು” ಎಂದೆ.

“ತೌಬಾ! ತಲಿ ನೆಟ್ಟಗೈತೇನ್ ನಿಂದು?”

“ತಲಿ ನೆಟ್ಟಗೈತಿ. ಹುಡುಗಿಗೆ ನೌಕರಿ ಇಲ್ಲ. ಇದ್ದಿಲ್ಲ. ನಾ ಮುಂಗಡ ಹಂಚಿಬಿಟ್ಟೆ. ಕೊಡು.”

ರಾಜಾಬಿ ನನ್ನ ಮುಖ ನೋಡಿದಳು, ವಾಟಗ ನೋಡಿದಳು. ಒಳಗೆ ಹೋಗಿ ಹೊಲಿಗೆ ಯಂತ್ರದ ಖಾನೆಯಿಂದ ಅದೇ ಪೇಪರಿನ ಪೊಟ್ಟಣ ತಂದು ನನ್ನ ವಾಟಗಕ್ಕೆ ಬಿಚ್ಚಿ ಸುರಿದಳು. ಅದೇ ಸಕ್ಕರೆ. ಜೊತೆಗೆ ನಾಲ್ಕು ಇರುವೆ. “ದಿನಾ ಡಬ್ಬಿ ಹಿಡ್ಕೊಂಡು ಹೋಗ್ತಾಳ, ಮಾರಿ ಮ್ಯಾಲ ಕಳಾ ಇಲ್ಲ” ಎಂದಳು. “ನೀ ಹೇಳ್ತೀದಿ ಅಂತ ದಾರಿ ನೋಡಿದೆ. ಬಾಳ ದಿನ ತೊಗೊಂಡೀದಿ, ಮುದುಕಿ.” ಚಪ್ಪಲಿ ಮೆಟ್ಟಿಕೊಂಡು ನನ್ನ ಹಿಂದೆಯೇ ಬಂದಳು.

ಇಬ್ಬರೂ ಮನೆಮನೆಗೆ ಹೋದೆವು. ಒಬ್ಬಳು ಅಯ್ಯೋ ಎಂದಳು, ಇನ್ನೊಬ್ಬಳು ನಕ್ಕಳು, ಮತ್ತೊಬ್ಬಳು ನನಗೆ ಮೊದಲೇ ಗೊತ್ತಿತ್ತು ಎಂದು ಸುಳ್ಳು ಹೇಳಿದಳು. ಆದರೆ ಸಕ್ಕರೆ ಇಲ್ಲವೆಂದವರು ಯಾರೂ ಇಲ್ಲ. ಒಂದು ಮನೆಯದು ದಪ್ಪ ಹರಳು, ಒಂದು ಮನೆಯದು ಸಣ್ಣದು, ಒಂದು ಮನೆಯಲ್ಲಿ ಸಕ್ಕರೆ ಮುಗಿದಿದ್ದರಿಂದ ಬೆಲ್ಲದ ಚೂರು. ನಾನು ಚಿಟಿಕೆ ಕೊಟ್ಟದ್ದಕ್ಕೆ ಅವರು ಹಿಡಿ ಹಾಕಿದರು.

ಕೊನೆಗೆ ಗಂಗಮ್ಮ. ಅವಳು ಸೊಂಟಕ್ಕೆ ಕೈ ಇಟ್ಟು ಬಾಗಿಲಿಗೆ ಅಡ್ಡ ನಿಂತಳು. “ಸಂಜಿಗೆ ಹಿರ್‍ಯಾರು ಬರ್ತಾರ. ಮಸ್ಕಿಯವ್ರಿಗೆ ನಾ ಏನ್ ಮಾರಿ ತೋರಸ್ಲಿ?”

“ನಿನ್ನ ಮಾರಿ ಯಾಕ? ನನ್ನ ದನಿ ಕೇಳಸು. ಫೋನ್ ಹಚ್ಚು.”

ಹಚ್ಚಿದಳು. ನಾನು ಫೋನಿಗೆ ಬಾಯಿ ಹಚ್ಚಿ, “ಬೀಗತಿ ಆಗೋರೇ, ಹುಡುಗಿಗೆ ನೌಕರಿ ಇಲ್ಲ. ಓದ್ಯಾಳ, ಹುಡುಕಾಕತ್ಯಾಳ. ಇಷ್ಟರ ಮ್ಯಾಲ ಬರೋದಾದ್ರ ಬರ್ರಿ, ಒಗ್ಗರಣಿ ಮಾಡ್ತೀನಿ” ಎಂದೆ. ಆ ಕಡೆ ಅಂಗಡಿಯ ಗದ್ದಲ. “ನೌಕರಿ ಬಂದಾಗ ಹೇಳ್ರಿ, ನೋಡೋಣು” ಎಂದು ಹುಡುಗನ ಅವ್ವ ಫೋನು ಇಟ್ಟಳು. ಗಂಗಮ್ಮ ಸಿಟ್ಟಿನಲ್ಲೇ ಒಳಗೆ ಹೋಗಿ ಒಂದು ಹಿಡಿ ಸಕ್ಕರೆ ತಂದು ವಾಟಗಕ್ಕೆ ಎಸೆದಳು. ವಾಟಗ ತುಂಬಿತು.

ಮನೆಗೆ ಬಂದಾಗ ಈರಣ್ಣ ಬಾಯಿಗೆ ಬಂದಂತೆ ಬೈದ. ಬೈಯಲಿ, ಅವನಪ್ಪನೂ ಬೈಯುತ್ತಿದ್ದ. ರೇಣುಕಾ ಡಬ್ಬಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು, ಓಣಿಯೆಲ್ಲ ಅವಳಿಗೆ ಕಂಡಿತ್ತು. ನಾನು ಅವಳ ಕೈಯಿಂದ ಡಬ್ಬಿ ಕಸಿದು ಹಲಗೆಯ ಮೇಲಿಟ್ಟೆ. ಇರುವೆಗಳನ್ನು ಊದಿ ತೆಗೆದು, ಆ ಸಕ್ಕರೆಯಲ್ಲೇ ಚಹಾ ಕಾಸಿದೆ. ರಾಜಾಬಿಗೆ ಸಪ್ಪೆ ಚಹಾ. ಮೂವರೂ ಕಟ್ಟೆಯ ಮೇಲೆ, ಹೋಗಿಬರುವವರಿಗೆ ಕಾಣುವಂತೆ ಕೂತೆವು.

ರೇಣುಕಾ ಒಂದು ಗುಟುಕು ಕುಡಿದು ಫೋನು ತೆಗೆದಳು. ಈ ಸಲ ಅಳಿಸಲಿಲ್ಲ.

“ಎಲ್ಲಾರಿಗೂ ನಮಸ್ಕಾರ. ನಾ ರೇಣುಕಾ. ಲ್ಯಾಬು ಇಲ್ಲ, ಗೀಬು ಇಲ್ಲ. ಸದ್ಯಕ್ಕ ಮನ್ಯಾಗ ಅದೀನಿ, ಅಜ್ಜಿ ಜೋಡಿ ಚಹಾ ಕುಡಿಯಾಕತ್ತೀನಿ…”

“ಸಕ್ಕರಿ ಜಾಸ್ತಿ ಆಗೈತಿ ಅಂತನೂ ಹೇಳು” ಎಂದೆ ಪಕ್ಕದಿಂದ. ಅದೂ ಸೇರಿಕೊಂಡೇ ಹೋಯಿತು.